ಸರ್ವರ್ ಬರೋವರೆಗೆ

(ಮಂಡ್ಯದಲ್ಲಿ ಓದುಗ ಗೆಳೆಯರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನನ್ನ ಅಂಗಡಿಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ನನ್ನ ಬಾಯಿಂದ ಬರುವ ಮಾತು ಯಾವುದು ಹೇಳಿ ನೋಡೋಣ. "ಸರ್ವರ್ ಡೌನ್ ಇದೆ, ಸ್ವಲ್ಪ ಕೂತ್ಕೊಳ್ಳಿ." ನಿಮ್ಮಲ್ಲಿ ಅರ್ಧ ಜನ ಈ ಮಾತನ್ನು ನನ್ನಿಂದಲೇ ಕೇಳಿದ್ದೀರಿ, ಅದಕ್ಕೇ ನಗುತ್ತಿದ್ದೀರಿ. ಪಹಣಿ ತೆಗೆಸಲು ಬರುತ್ತಾರೆ, ಜಾತಿ ಆದಾಯ ಪತ್ರಕ್ಕೆ ಬರುತ್ತಾರೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ, ಹಾಲ್ ಟಿಕೆಟ್ಟಿಗೆ, ರೈಲು ಟಿಕೆಟ್ಟಿಗೆ. ಎಲ್ಲರಿಗೂ ಒಂದೇ ಬೆಂಚು. ನಾಲ್ಕು ಜನ ಕೂರುವ ಬೆಂಚಿನಲ್ಲಿ ಆರು ಜನ ಕೂತಿರುತ್ತಾರೆ. ಪರದೆಯ ಮೇಲೆ ಆ ಚಕ್ರ ಸುಮ್ನೆ ತಿರುಗುತ್ತಾ ಇರುತ್ತದೆ, ಹಳೇ ಗಾಣದ ಎತ್ತಿನ ಹಾಗೆ. ಸುತ್ತುವುದು ಸುತ್ತುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ಆ ಹೊತ್ತಿನಲ್ಲಿ ನಾನೇನು ಮಾಡಲಿ? ಪಕ್ಕದಲ್ಲಿ ಇನ್ನೊಂದು ಕಿಟಕಿ ತೆಗೆದು ಏನಾದರೂ ಓದುತ್ತೇನೆ. ಸರ್ಕಾರಿ ಪುಟ ತೆರೆಯದಿದ್ದರೂ ಇಂಥ ಪುಟಗಳು ಪಟ್ ಅಂತ ತೆರೆಯುತ್ತವೆ, ಅದೇನು ಮಾಯೆಯೋ. ವಿಚಿತ್ರ ಅನ್ನಿಸಿದ್ದು, ನಗು ಬಂದಿದ್ದು ಸಿಕ್ಕರೆ ಸಾಲದ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಿಂದ ಬರೆದಿಡುತ್ತೇನೆ. ಮುಂದಿನಿಂದ ಯಾರು ಎಷ್ಟು ಕೊಡಬೇಕು ಅನ್ನೋದು, ಹಿಂದಿನಿಂದ ಇದು. ಎರಡೂ ನಡುವಿನ ಪುಟದಲ್ಲಿ ಸೇರುವ ಹೊತ್ತಿಗೆ ಹೊಸ ಪುಸ್ತಕ ತರಬೇಕು. ಈ ವಾರ ಬರೆದಿದ್ದನ್ನೇ ಇಲ್ಲಿ ಬಂದು ಹೇಳಿ ಅಂದರು, ಬಂದಿದ್ದೇನೆ.

ನಿನ್ನೆ ರಾತ್ರಿ ಆ ಪುಟಗಳನ್ನು ತಿರುವಿ ಹಾಕುವಾಗ ಒಂದು ವಿಷಯ ಗಮನಕ್ಕೆ ಬಂತು. ನನಗೆ ನಗು ತರಿಸಿದ ಪ್ರತಿಯೊಂದರ ಹಿಂದೆಯೂ ಯಾರಿಗೋ ಆದ ಕಿರಿಕಿರಿ ಇದೆ. ದೊಡ್ಡ ಕಷ್ಟ ಅಲ್ಲ, ಕಿರಿಕಿರಿ. ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಥರ. ಸುಮ್ಮನೆ ಬಿಟ್ಟಿದ್ದರೆ ನಡೆಯುತ್ತಿತ್ತು, ಆದರೆ ಅವರು ಬಿಡಲಿಲ್ಲ.

ಮೊದಲು ಕಾಫಿ ಕಥೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪ್ರಯೋಗಾಲಯ ಇದೆ. 1991ರಲ್ಲಿ ಅಲ್ಲಿನ ಒಂದು ಗುಂಪಿಗೆಲ್ಲ ಸೇರಿ ಇದ್ದಿದ್ದು ಒಂದೇ ಕಾಫಿ ಜಗ್ಗು. ಅದನ್ನು ಇಟ್ಟಿದ್ದು ಟ್ರೋಜನ್ ರೂಮ್ ಅನ್ನುವ ಕೋಣೆಯ ಹತ್ತಿರ. ಕೆಲವರು ಕೂರುತ್ತಿದ್ದಿದ್ದು ಬೇರೆ ಮಹಡಿಯಲ್ಲಿ. ಪಾಪ, ಮೆಟ್ಟಿಲು ಇಳಿದು ಬಟ್ಟಲು ಹಿಡಿದು ಬಂದರೆ ಜಗ್ಗು ಖಾಲಿ! ಈ ಸಿಟ್ಟು ಎಂಥದ್ದು ಅಂತ ನಿಮಗೆ ಗೊತ್ತು. ಹೋಟೆಲಿಗೆ ಹೋಗಿ ಮದ್ದೂರು ವಡೆ ಅಂದಾಗ "ಈಗ ತಾನೇ ಮುಗೀತು ಸಾರ್" ಅಂದರೆ ಆಗುತ್ತಲ್ಲ, ಅದೇ ಸಿಟ್ಟು.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಹುಡುಗನೊಬ್ಬನನ್ನು ಕಳಿಸಿ ನೋಡಿಕೊಂಡು ಬಾ ಅನ್ನುತ್ತಿದ್ದೆವು. ಅವರು ಜಗ್ಗಿನ ಕಡೆ ಮುಖ ಮಾಡಿ ಒಂದು ಕ್ಯಾಮೆರಾ ನಿಲ್ಲಿಸಿದರು. ಕ್ವೆಂಟಿನ್ ಸ್ಟಾಫರ್ಡ್ ಫ್ರೇಸರ್, ಪಾಲ್ ಜಾರ್ಡೆಟ್ಸ್‌ಕಿ ಅಂತ ಇಬ್ಬರು ಕೂತು ಪ್ರೋಗ್ರಾಂ ಬರೆದರು. ಜಗ್ಗಿನ ಚಿತ್ರ ಎಲ್ಲರ ಕಂಪ್ಯೂಟರಿನ ಮೂಲೆಯಲ್ಲಿ ಕಾಣುವ ಹಾಗೆ ಮಾಡಿದರು. ಚಿತ್ರ ಅಂದರೆ ಎಷ್ಟು ದೊಡ್ಡದು? ಉದ್ದಕ್ಕೆ 128 ಚುಕ್ಕಿ, ಅಗಲಕ್ಕೆ 128 ಚುಕ್ಕಿ, ಅದೂ ಕಪ್ಪು ಬಿಳುಪು. ಅರ್ಜಿಗೆ ಹಾಕಲು ನಿಮ್ಮ ಫೋಟೋನ ನಾನು ಕುಗ್ಗಿಸಿ ಕುಗ್ಗಿಸಿ ಇಡುತ್ತೇನಲ್ಲ, ಅದಕ್ಕಿಂತ ಚಿಕ್ಕದು. ಆದರೆ ಕಾಫಿ ಇದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು, ಅಲ್ವಾ?

1993ರ ನವೆಂಬರಿನಲ್ಲಿ ಈ ಚಿತ್ರವನ್ನು ಅಂತರಜಾಲಕ್ಕೆ ಹಾಕಿದರು. ಎಲ್ಲೆಲ್ಲಿಂದಲೋ ಜನ ಬಂದು ನೋಡಿದರು. ಯೋಚನೆ ಮಾಡಿ, ಇನ್ನೊಂದು ದೇಶದಲ್ಲಿ ಕೂತವನಿಗೆ ಆ ಜಗ್ಗು ತುಂಬಿದ್ದರೇನು, ಖಾಲಿ ಇದ್ದರೇನು? ಒಂದು ಹನಿ ಕಾಫಿ ಸಿಗುವುದಿಲ್ಲ. ಆದರೂ ನೋಡಿದರು. ಪ್ರಪಂಚದ ಮೊದಲ ವೆಬ್ ಕ್ಯಾಮೆರಾ ಅಂತ ಹೆಸರಾಗಿದ್ದು ಇದಕ್ಕೆ. 2001ರ ಆಗಸ್ಟ್ 22ರಂದು ಅದನ್ನು ನಿಲ್ಲಿಸಿದರು, ಪ್ರಯೋಗಾಲಯ ಬೇರೆ ಕಟ್ಟಡಕ್ಕೆ ಹೋಗಬೇಕಿತ್ತು. ಆ ಹಳೇ ಜಗ್ಗನ್ನು ಹರಾಜಿಗೆ ಹಾಕಿದರೆ ಜರ್ಮನಿಯ ಡೆರ್ ಶ್ಪೀಗೆಲ್ ಪತ್ರಿಕೆಯವರು 3,350 ಪೌಂಡ್ ಕೊಟ್ಟು ತೆಗೆದುಕೊಂಡರು. ನಮ್ಮ ಮನೆಯಲ್ಲಿ ಹಳೇ ಪಾತ್ರೆ ಹಾಕಿದರೆ ಒಂದು ಪ್ಲಾಸ್ಟಿಕ್ ಬಕೆಟ್ ಕೊಡುತ್ತಾರೆ.

ಇದನ್ನು ಓದಿ ಮುಗಿಸಿ ತಲೆ ಎತ್ತಿ ಎದುರಿನ ಟೀ ಅಂಗಡಿ ಕಡೆ ನೋಡಿದೆ. ನನಗೂ ಒಂದು ಉಪಾಯ ಇದೆ. ಅವರ ಅಂಗಡಿಯ ತಗಡಿನ ಸೂರಿನ ಕೆಳಗಿಂದ ಹಬೆ ಬರುತ್ತಿದ್ದರೆ ಹೊಸ ಟೀ, ಬರದಿದ್ದರೆ ಬೆಳಗ್ಗೆ ಮಾಡಿದ್ದನ್ನೇ ಬಿಸಿ ಮಾಡಿ ಕೊಡುತ್ತಾರೆ. ಹದಿನಾಲ್ಕು ವರ್ಷದಿಂದ ಇದೇ ನನ್ನ ಕ್ಯಾಮೆರಾ. ಯಾರೂ ಹರಾಜಿಗೆ ಕೇಳಿಲ್ಲ.

ಕಾಫಿ ಹುಡುಕಿಕೊಂಡು ಹೋದವಳಿಗೆ ಅದರ ಹಿಂದೆಯೇ ಟೀ ಸಿಕ್ಕಿತು. ಸರ್ವರ್ ಕೆಟ್ಟಾಗ ಪರದೆ ಮೇಲೆ ಒಂದು ನಂಬರ್ ಬರುತ್ತದೆ, ಗಮನಿಸಿದ್ದೀರಾ? 404 ಅಂದರೆ ನೀವು ಕೇಳಿದ ಪುಟ ಇಲ್ಲಿಲ್ಲ. 503 ಅಂದರೆ ಸದ್ಯಕ್ಕೆ ಆಗಲ್ಲ. 504 ಅಂದರೆ ನಾನೂ ಹಿಂದಿನವರನ್ನು ಕೇಳಿದೆ, ಕಾದು ಸಾಕಾಯಿತು, ಅವರು ಉತ್ತರ ಕೊಡಲಿಲ್ಲ. ಕಚೇರಿಯಲ್ಲಿ ಒಂದು ಟೇಬಲ್ಲಿನವರು ಇನ್ನೊಂದು ಟೇಬಲ್ ತೋರಿಸುತ್ತಾರಲ್ಲ, ಅದು 504. ಈ ನಂಬರುಗಳೆಲ್ಲ ನನಗೆ ನೆಂಟರ ಫೋನ್ ನಂಬರಿಗಿಂತ ಚೆನ್ನಾಗಿ ಗೊತ್ತು. ಆದರೆ 418 ಅಂತ ಒಂದಿದೆ ಅನ್ನುವುದು ಈ ವಾರ ತಿಳಿಯಿತು.

418ರ ಅರ್ಥ ಏನು ಗೊತ್ತಾ? "ನಾನು ಟೀ ಕೆಟಲ್." ತಮಾಷೆ ಅಲ್ಲ... ಅಲ್ಲ, ತಮಾಷೆಯೇ. 1998ರ ಏಪ್ರಿಲ್ 1ರಂದು ಲ್ಯಾರಿ ಮ್ಯಾಸಿಂಟರ್ ಅನ್ನುವ ಎಂಜಿನಿಯರ್ ಒಂದು ನಿಯಮಾವಳಿ ಬರೆದರು. ಅಂತರಜಾಲದ ಮೂಲಕ ಕಾಫಿ ಪಾತ್ರೆಗೆ ಹೇಗೆ ಆಜ್ಞೆ ಕೊಡಬೇಕು, ಹಾಲು ಎಷ್ಟು ಅಂತ ಹೇಗೆ ಹೇಳಬೇಕು, ಎಲ್ಲ ಗಂಭೀರವಾಗಿ, ಸರ್ಕಾರಿ ಸುತ್ತೋಲೆಯ ಧಾಟಿಯಲ್ಲಿ. ಅದರಲ್ಲಿ ಒಂದು ಸಾಲು: ಟೀ ಕೆಟಲಿಗೆ ಯಾರಾದರೂ ಕಾಫಿ ಮಾಡು ಅಂದರೆ ಅದು 418 ಅಂತ ಉತ್ತರ ಕೊಡಬೇಕು. ಇವರ ಕಿರಿಕಿರಿ ಏನಪ್ಪಾ ಅಂದರೆ, ಆಗ ಸಿಕ್ಕಸಿಕ್ಕವರೆಲ್ಲ ಅಂತರಜಾಲದ ನಿಯಮಗಳಿಗೆ ಬಾಲ ಅಂಟಿಸುತ್ತಿದ್ದರು. ಅದನ್ನು ಅಣಕಿಸಲು ಬರೆದಿದ್ದು. 2017ರಲ್ಲಿ ಇದನ್ನು ಕೆಲವು ಪ್ರೋಗ್ರಾಂಗಳಿಂದ ತೆಗೆದುಹಾಕೋಣ ಅಂತ ಮಾತು ಬಂತು. ಹದಿನೈದು ವರ್ಷದ ಹುಡುಗನೊಬ್ಬ 418 ಉಳಿಸಿ ಅಂತ ಚಳವಳಿ ಹೂಡಿದ. ಉಳಿಯಿತು ಕೂಡ.

ನನಗಂತೂ ಇದು ತುಂಬಾ ಇಷ್ಟವಾಯಿತು. ನಮ್ಮ ಸರ್ವರ್‌ಗಳೂ ಹೀಗೆ ಒಮ್ಮೆ ಬಾಯಿಬಿಟ್ಟು ಹೇಳಿಬಿಡಬೇಕು. "ನಾನು ಸರ್ವರ್ ಅಲ್ಲ ಕಣಮ್ಮ, ನಾನು ಟೀ ಕೆಟಲ್. ನನ್ನ ಹತ್ರ ಪಹಣಿ ಕೇಳಬೇಡ."

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಪೂರ್ತಿ ಚಕ್ರ ತಿರುಗಿತು. ಆವತ್ತು ಸಿಕ್ಕಿದ್ದು ಪಾರಿವಾಳ. ಈ ಎಂಜಿನಿಯರುಗಳಿಗೆ ಏಪ್ರಿಲ್ 1 ಅಂದರೆ ಹಬ್ಬ ಇರಬೇಕು. 1990ರ ಏಪ್ರಿಲ್ 1ಕ್ಕೆ ಡೇವಿಡ್ ವೈಟ್ಸ್‌ಮನ್ ಅನ್ನುವವರು ಅಂತರಜಾಲದ ಮಾಹಿತಿಯನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳಿಸುವುದು ಹೇಗೆ ಅಂತ ನಿಯಮ ಬರೆದಿದ್ದರು. ಹನ್ನೊಂದು ವರ್ಷ ಅದು ಜೋಕಾಗಿಯೇ ಇತ್ತು. 2001ರ ಏಪ್ರಿಲ್ ತಿಂಗಳಲ್ಲಿ ನಾರ್ವೆಯ ಬರ್ಗೆನ್ ಊರಿನ ಕಂಪ್ಯೂಟರ್ ಹುಚ್ಚರು ನಿಜವಾಗಿಯೂ ಮಾಡಿ ನೋಡಿದರು. ಒಂಬತ್ತು ಸಂದೇಶ ಕಳಿಸಿದರು, ನಾಲ್ಕಕ್ಕೆ ಉತ್ತರ ಬಂತು. ಬೇಗ ಬಂದಿದ್ದಕ್ಕೆ ಐವತ್ತಮೂರು ನಿಮಿಷ, ತಡವಾಗಿದ್ದಕ್ಕೆ ಒಂದೂಮುಕ್ಕಾಲು ಗಂಟೆ. ಇದನ್ನು ಬೆಂಚಿನವರಿಗೆ ಓದಿ ಹೇಳಿದೆ. ಒಬ್ಬರು, "ಪರವಾಗಿಲ್ವೇ, ನಮಗಿಂತ ಬೇಗ ಬಂದದೆ" ಅಂದರು.

ಅಷ್ಟಕ್ಕೇ ನಿಂತಿದ್ದರೆ ಜೋಕು. ಆದರೆ ದಕ್ಷಿಣ ಆಫ್ರಿಕಾದಲ್ಲಿ 2009ರ ಸೆಪ್ಟೆಂಬರಿನಲ್ಲಿ ಒಂದು ಪಂದ್ಯ ನಡೆಯಿತು. ಅಲ್ಲಿನ ಒಂದು ಕಂಪನಿಯವರಿಗೆ ತಮ್ಮ ಇಂಟರ್‌ನೆಟ್ಟಿನ ನಿಧಾನಗತಿ ಸಾಕುಸಾಕಾಗಿತ್ತು. ಇದಕ್ಕಿಂತ ಪಾರಿವಾಳ ವಾಸಿ ಅಂತ ಯಾರೋ ಗೊಣಗಿದ್ದನ್ನೇ ಹಿಡಿದುಕೊಂಡು, ಸರಿ ನೋಡೇಬಿಡೋಣ ಅಂದರು. ವಿನ್‌ಸ್ಟನ್ ಅನ್ನುವ ಪಾರಿವಾಳದ ಕಾಲಿಗೆ 4 ಜಿಬಿ ಕಾರ್ಡು ಕಟ್ಟಿ, ಹೋವಿಕ್‌ನಿಂದ ಡರ್ಬನ್ನಿಗೆ ಸುಮಾರು 80 ಕಿಲೋಮೀಟರ್ ಹಾರಿಸಿದರು. ಅದೇ ಹೊತ್ತಿಗೆ ಅಷ್ಟೇ ಮಾಹಿತಿಯನ್ನು ತಂತಿಯಲ್ಲೂ ಕಳಿಸಲು ಶುರು ಮಾಡಿದರು. ಪಾರಿವಾಳ ಒಂದು ಗಂಟೆ ಎಂಟು ನಿಮಿಷಕ್ಕೆ ತಲುಪಿತು. ಕಾರ್ಡಿನಲ್ಲಿದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಸಮಯವೂ ಸೇರಿ ಎರಡು ಗಂಟೆ ಚಿಲ್ಲರೆ. ಅಷ್ಟು ಹೊತ್ತಿಗೆ ತಂತಿಯಲ್ಲಿ ಹೋಗಿದ್ದು ನೂರಕ್ಕೆ ನಾಲ್ಕು ಭಾಗ.

ಎಂಬತ್ತು ಕಿಲೋಮೀಟರ್ ಅಂದರೆ ಇಲ್ಲಿಂದ ಬೆಂಗಳೂರಿಗೆ ಇನ್ನೇನು ಸ್ವಲ್ಪ ಉಳಿಯುತ್ತದೆ. ನಾನು ಬೆಂಚಿನ ಕಡೆ ನೋಡಿದೆ, ಬೆಂಚು ನನ್ನ ಕಡೆ ನೋಡಿತು. ವಿದ್ಯಾರ್ಥಿವೇತನಕ್ಕೆ ಬಂದಿದ್ದ ಹುಡುಗನೊಬ್ಬ, "ಅಕ್ಕ, ನಮ್ಮ ಅರ್ಜಿನೂ ಹಿಂಗೇ ಕಳ್ಸೋಣ್ವಾ?" ಅಂದ. ಪಕ್ಕದಲ್ಲಿದ್ದ ಅವನ ಅಮ್ಮ, "ಪಾರಿವಾಳಕ್ಕೂ ಜೆರಾಕ್ಸ್ ಕಾಪಿ ಬೇಕು ಅಂದಾರು ಸುಮ್ನಿರು" ಅಂದರು.

ನಗಬೇಡಿ, ನಮ್ಮ ದೇಶದಲ್ಲೇ ಇದು ಸರ್ಕಾರಿ ಇಲಾಖೆಯಾಗಿತ್ತು. ಒಡಿಶಾದ ಪೊಲೀಸರು 1946ರಿಂದ ಪಾರಿವಾಳದ ಅಂಚೆ ನಡೆಸಿದವರು. ಪ್ರವಾಹ ಬಂದು ತಂತಿ ಕಂಬ ಎಲ್ಲ ಬಿದ್ದಾಗ ಹಾರಿ ಸುದ್ದಿ ಮುಟ್ಟಿಸಿದ್ದು ಅವೇ. ಈಗ ಅವುಗಳಿಗೆ ನಿವೃತ್ತಿ. ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯ ದಿನಕ್ಕೆ ಹಾರಿಸುತ್ತಾರೆ.

ಬುಧವಾರ ಏನೂ ಸಿಗಲಿಲ್ಲ, ಯಾಕೆಂದರೆ ಕರೆಂಟೇ ಇರಲಿಲ್ಲ. ಯುಪಿಎಸ್ ಕೀಂಯ್ ಕೀಂಯ್ ಅಂತ ಅತ್ತು ಅತ್ತು ಸತ್ತುಹೋಯಿತು. ನೋಡಿ, 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿತು. ಅಲ್ಲಿಂದ ತಂತಿ ಎಳೆದು ಸುಮಾರು 150 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಕೊಟ್ಟರು. 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ ಕೊಟ್ಟರು. ಹುಟ್ಟಿದ್ದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. ಹೆರಿಗೆ ತವರಲ್ಲಿ, ಸಂಪಾದನೆ ಪರ ಊರಿಗೆ. ಸರಿ ಬಿಡಿ, ವಿಷಯಕ್ಕೆ ಬರುತ್ತೇನೆ.

ಇನ್ನೊಂದು ಪುಟದಲ್ಲಿ ಮರಗಳ ಬಗ್ಗೆ ಬರೆದುಕೊಂಡಿದ್ದೇನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಆಡಳಿತ 2013ರಲ್ಲಿ ತನ್ನ ಸುಮಾರು 70,000 ಮರಗಳಿಗೆ ನಂಬರ್ ಕೊಟ್ಟು, ಒಂದೊಂದಕ್ಕೂ ಇಮೇಲ್ ವಿಳಾಸ ಮಾಡಿಕೊಟ್ಟಿತು. ಉದ್ದೇಶ ಬಹಳ ಸಾದಾ. ಕೊಂಬೆ ಮುರಿದಿದೆ, ಎಲೆ ಒಣಗಿದೆ ಅಂತ ಜನ ದೂರು ಕೊಡಲಿ ಅಂತ. ಜನ ದೂರು ಬರೆಯುವ ಬದಲು ಮರಕ್ಕೇ ಕಾಗದ ಬರೆಯಲು ಶುರು ಮಾಡಿದರು! ನಿನ್ನ ನೆರಳಲ್ಲಿ ದಿನಾ ನಡೀತೀನಿ, ಚೆನ್ನಾಗಿದ್ದೀಯಾ ಅಂತ. ಒಬ್ಬರಂತೂ, ನನಗೆ ಪರೀಕ್ಷೆ ಇದೆ, ಓದಬೇಕಿತ್ತು, ನೀನು ಮರ, ನಿನಗೆ ಪರೀಕ್ಷೆ ಇಲ್ಲ ಅಂತ ಬರೆದಿದ್ದರು. ಕೆಲವಕ್ಕೆ ಮರದ ಪರವಾಗಿ ಉತ್ತರವೂ ಹೋಯಿತು. ಉತ್ತರ ಬರೆದ ಸಿಬ್ಬಂದಿ ಯಾರೋ, ಅವರಿಗೆ ಬಡ್ತಿ ಕೊಡಬೇಕು.

ನಮ್ಮ ಹಳೇ ಮೈಸೂರು ರಸ್ತೆಯ ಪಕ್ಕದ ಮರಗಳು ನೆನಪಿದೆಯಾ? ಬಸ್ಸಿನ ಕಿಟಕಿಯಲ್ಲಿ ಕೂತರೆ ಬಿಸಿಲು ನೆರಳು ಬಿಸಿಲು ನೆರಳು ಅಂತ ಮುಖದ ಮೇಲೆ ಓಡುತ್ತಿತ್ತು. ದೊಡ್ಡ ಹೆದ್ದಾರಿ ಬಂದ ಮೇಲೆ ಬೇಗ ಹೋಗುತ್ತೇವೆ, ನಿಜ. ಆ ಮರಗಳಿಗೆ ನಂಬರೇನೋ ಇತ್ತು, ಕಡಿಯುವ ಮುಂಚೆ ಬಣ್ಣದಲ್ಲಿ ಬರೆದಿದ್ದರು. ವಿಳಾಸ ಇರಲಿಲ್ಲ.

ಗುರುವಾರ ಆನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಬರೀ ನಗುವಿನ ವಿಷಯ ಅಲ್ಲ. ಇಗ್ನೊಬೆಲ್ ಅಂತ ಒಂದು ಬಹುಮಾನ ಇದೆ. 1991ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಅಲ್ಲಿಂದ ಕೊಡುತ್ತಾ ಬಂದಿದ್ದಾರೆ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ. 2002ರ ಗಣಿತದ ಇಗ್ನೊಬೆಲ್ ಸಿಕ್ಕಿದ್ದು ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ.ಪಿ. ಶ್ರೀಕುಮಾರ್ ಮತ್ತು ಜಿ. ನಿರ್ಮಲನ್ ಅವರಿಗೆ. ಅವರು ಕಂಡುಹಿಡಿದಿದ್ದು ಏನು? ಒಂದು ಆನೆಯ ಮೈಮೇಲಿನ ಚರ್ಮ ಒಟ್ಟು ಎಷ್ಟು ಚದರ ಮೀಟರ್ ಅನ್ನುವ ಲೆಕ್ಕ.

ನಗು ಬರುತ್ತೆ, ಅಲ್ವಾ? ಆನೆಗೆ ಅಂಗಿ ಹೊಲಿಸಬೇಕಿತ್ತಾ ಅಂತ ನಾನೂ ಅಂದುಕೊಂಡೆ. ಆಮೇಲೆ ಯೋಚನೆ ಮಾಡಿ. ಇಷ್ಟು ದೊಡ್ಡ ಪ್ರಾಣಿ, ಬಿಸಿಲಲ್ಲಿ ನಿಂತಿದೆ. ಮೈಯ ಬಿಸಿ ಹೊರಗೆ ಹೋಗಬೇಕಾದರೆ ಚರ್ಮದಿಂದಲೇ ಹೋಗಬೇಕು. ಒಳಗೆ ಹುಟ್ಟುವ ಬಿಸಿ ಎಷ್ಟು, ಹೊರಗೆ ಬಿಡುವ ಜಾಗ ಎಷ್ಟು, ಇದು ಪಶುವೈದ್ಯರಿಗೆ ಬೇಕಾದ ಲೆಕ್ಕ. ಅಳೆಯುವುದು ಹೇಗೆ? ಮಡಿಕೆ ಮಡಿಕೆ ಚರ್ಮ, ಕಿವಿಗೆ ಎರಡು ಮುಖ, ಸೊಂಡಿಲು ಬೇರೆ. ಟೇಪು ಹಿಡಿದು ಪೂರ್ತಿ ಅಳೆಯುವವರೆಗೆ ಆನೆ ನಿಲ್ಲಬೇಕಲ್ಲ! ಅವರು ಹಲವು ಆನೆಗಳನ್ನು ಕಷ್ಟಪಟ್ಟು ಅಳೆದು ಒಂದು ಸೂತ್ರ ತೆಗೆದರು. ಇನ್ನು ಮೇಲೆ ಎರಡೇ ಅಳತೆ ಸಾಕು. ಭುಜದವರೆಗಿನ ಎತ್ತರ, ಮುಂಗಾಲಿನ ಪಾದದ ಸುತ್ತಳತೆ. ಮಿಕ್ಕಿದ್ದು ಲೆಕ್ಕ ಹೇಳುತ್ತದೆ.

ಮುಂಗಾಲಿನ ಪಾದ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಆನೆಯ ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಮ್ಮಿ ಅದರ ಎತ್ತರ ಬರುತ್ತದೆ. ಆನೆ ಬಲ್ಲವರ ಹಳೇ ಲೆಕ್ಕ ಇದು. ಕೆಸರಲ್ಲಿ ಮೂಡಿದ ಹೆಜ್ಜೆ ನೋಡಿ ಆನೆ ಎಷ್ಟೆತ್ತರ ಅಂತ ಹೇಳಿಬಿಡುತ್ತಾರೆ. ಈ ಸಲ ದಸರಾಕ್ಕೆ ಮುಂಚೆ ಅಕ್ಕನ ಮಗನನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ, ಆನೆ ತೂಕ ಹಾಕುವುದನ್ನು ನೋಡಲು. ಲಾರಿ ತೂಗುವ ತಕ್ಕಡಿ ಮೇಲೆ ಆನೆ ನಡೆದು ಬಂದು ನಿಲ್ಲುತ್ತದೆ. ಕಬ್ಬಿನ ಗಾಡಿ ತೂಗುವ ಹಾಗೇ, ಹಲಗೆಯ ಮೇಲೆ ಕೆಂಪು ಅಂಕಿ ಓಡಿ ಓಡಿ ನಿಲ್ಲುತ್ತದೆ. ಒಂದು ಆನೆ ಮಾತ್ರ ಹಿಂಗಾಲು ಒಂದನ್ನು ಹೊರಗೇ ಇಟ್ಟು ನಿಂತಿತ್ತು. ಮಾವುತರು ಏನೋ ಮೆಲ್ಲಗೆ ಅಂದರು. ಆ ಕಾಲನ್ನು ಎತ್ತಿ, ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಬೇಕೋ ಬೇಡವೋ ಅನ್ನುವ ಹಾಗೆ ಒಳಗಿಟ್ಟಿತು. ಬ್ಯಾಂಕಿನಲ್ಲಿ ಸಹಿ ಹಾಕುವ ಮುಂಚೆ ನಮ್ಮ ತಂದೆ ಪೆನ್ನು ಹಿಡಿಯುತ್ತಿದ್ದ ಹಾಗೆ.

750 ಕೆಜಿ ಚಿನ್ನದ ಅಂಬಾರಿ ಹೊರಬೇಕಾದರೆ ತೂಕ ಗೊತ್ತಿರಲೇಬೇಕು, ಸರಿ. ಆದರೆ ಅಕ್ಕನ ಮಗ ಅವತ್ತು ಕೇಳಿದ್ದು ಬೇರೆ. ಜಂಬೂಸವಾರಿ ದಿನ ಆನೆ ಮೈಗೆ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರಲ್ಲ, "ಚಿಕ್ಕಮ್ಮ, ಒಂದ್ ಆನೆಗೆ ಎಷ್ಟು ಬಣ್ಣ ಬೇಕು?" ನಾನು ಸುಮ್ನಿರೋ ಅಂದಿದ್ದೆ. ಗುರುವಾರ ಸಂಜೆ ಫೋನ್ ಮಾಡಿ ಹೇಳಿದೆ, ನಿನ್ನ ಪ್ರಶ್ನೆಗೆ ಮೂಲ ಲೆಕ್ಕ ಮಾಡಿ ಬಹುಮಾನ ತಗೊಂಡಿದ್ದಾರೆ ಕಣೋ ಅಂತ. ಅವನು, "ನಂಗೂ ಕೊಡ್ತಾರಾ?" ಅಂದ.

ಇಗ್ನೊಬೆಲ್ ಪಟ್ಟಿಗೆ ಹೋದರೆ ಹೊರಗೆ ಬರುವುದು ಕಷ್ಟ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಅವರಿಗೆ 2001ರಲ್ಲಿ ಸಿಕ್ಕಿದೆ. ವಿಷಯ: ಹದಿಹರೆಯದವರು ಮೂಗಿನಲ್ಲಿ ಬೆರಳು ಹಾಕುವುದು. ನಾಲ್ಕು ಶಾಲೆಗಳ 200 ಮಕ್ಕಳನ್ನು ಕೇಳಿದರು. ಹೆಚ್ಚುಕಮ್ಮಿ ಎಲ್ಲರೂ ಒಪ್ಪಿಕೊಂಡರು, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ. ಅದನ್ನು ಓದಿದ ದಿನದಿಂದ ನಾನು ಆಧಾರ್‌ಗೆ ಬೆರಳು ಒತ್ತಿಸುವ ಯಂತ್ರವನ್ನು ಒರೆಸುವುದು ಜಾಸ್ತಿ ಮಾಡಿದ್ದೇನೆ. ಹಿಂದಿನ ಸಾಲಿನ ಮಕ್ಕಳು ಯಾಕೆ ಕೈ ಹಿಂದಕ್ಕೆ ಕಟ್ಟಿಕೊಂಡಿರಿ?

ಈ ವಾರ ಒಂದು ಸುಳ್ಳೂ ಸಿಕ್ಕಿತು, ಹುಡುಕಬೇಕಾಗಿರಲಿಲ್ಲ, ಮನೆಯವರ ವಾಟ್ಸಾಪ್ ಗುಂಪಿಗೆ ತಾನಾಗಿ ಬಂತು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಪ್ರಪಂಚದಲ್ಲೇ ಉತ್ತಮ ಅಂತ ಘೋಷಿಸಿದೆ, ಎಲ್ಲರಿಗೂ ಕಳಿಸಿ ಅಂತ. ಹತ್ತು ಹದಿನೈದು ವರ್ಷದಿಂದ ತಿರುಗುತ್ತಿರುವ ಸುದ್ದಿ ಇದು. ಅಂಥದ್ದೇನೂ ಇಲ್ಲ ಅಂತ ಯುನೆಸ್ಕೊದವರೇ ಹೇಳಿಯಾಗಿದೆ. ನಾನು ಸುಮ್ಮನಿರಲಾರದೆ ಗುಂಪಿನಲ್ಲಿ ಹಾಗಂತ ಬರೆದೆ. ನಮ್ಮ ದೊಡ್ಡಪ್ಪ ಸಂಜೆಯವರೆಗೆ ಮಾತಾಡಲಿಲ್ಲ. ಸಂಜೆ ಇನ್ನೊಂದು ಕಳಿಸಿದರು, ಅರಿಶಿನದ್ದು.

ಆದರೆ ಅದರಿಂದ ಒಂದು ಉಪಾಯ ಹೊಳೆಯಿತು. ಇಂಥ ಸುಳ್ಳು ಸುದ್ದಿಯಲ್ಲಿ ಯಾರಿಗೂ ಕಿರಿಕಿರಿ ಆಗಿರುವುದಿಲ್ಲ. ಎಲ್ಲರೂ ಹೊಗಳುತ್ತಾರೆ, ಎಲ್ಲರೂ ಹೆಮ್ಮೆ ಪಡುತ್ತಾರೆ, ಅಷ್ಟೇ. ಮೆಟ್ಟಿಲು ಇಳಿದು ಬಂದು ಖಾಲಿ ಜಗ್ಗು ನೋಡಿದವನು ಅಲ್ಲಿ ಇರುವುದಿಲ್ಲ. ಒಂಬತ್ತು ಕಳಿಸಿದೆವು, ನಾಲ್ಕೇ ಬಂತು ಅಂತ ಒಪ್ಪಿಕೊಳ್ಳುವವರು ಇರುವುದಿಲ್ಲ. ಹಾಗಾಗಿ ಏನಾದರೂ ಬಂದರೆ ಮೊದಲು ಹುಡುಕುತ್ತೇನೆ, ಇದರಲ್ಲಿ ಗೊಣಗುವವರು ಯಾರು? ಯಾರೂ ಇಲ್ಲದಿದ್ದರೆ ಅನುಮಾನ. ಇದು ಯಾವಾಗಲೂ ನಡೆಯುವ ಪರೀಕ್ಷೆ ಅಲ್ಲ, ಆದರೆ ನನ್ನ ಬೆಂಚಿಗೆ ಸಾಕು.

ಶುಕ್ರವಾರದ ಕಥೆ ಬೇರೆ ಥರ. ಇದೂ ಇಗ್ನೊಬೆಲ್ ಪಟ್ಟಿಯಲ್ಲೇ ಸಿಕ್ಕಿದ್ದು, 2003ರ ಶಾಂತಿ ಬಹುಮಾನ. ತಗೊಂಡವರು ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ. ಸಾಧನೆ ಏನು? ಸತ್ತ ಮೇಲೂ ಚುರುಕಾಗಿ ಬದುಕಿದ್ದು!

ಎಪ್ಪತ್ತರ ದಶಕದ ನಡುವೆ ಈತ ಸಾಲಕ್ಕೆ ಅರ್ಜಿ ಹಾಕಲು ಹೋಗಿದ್ದರು. ದಾಖಲೆ ತೆಗೆಸಿದರೆ ಅದರಲ್ಲಿ ಲಾಲ್ ಬಿಹಾರಿ ಸತ್ತಿದ್ದಾರೆ ಅಂತ ಇದೆ. ಚಿಕ್ಕಪ್ಪ ಲಂಚ ಕೊಟ್ಟು ಸಾಯಿಸಿಬಿಟ್ಟಿದ್ದ, ಕಾಗದದ ಮೇಲೆ. ಯಾಕೆ? ಒಂದು ಎಕರೆಯೂ ಇಲ್ಲದ ಜಮೀನಿಗೆ. ಈಗ ನಗಬೇಡಿ, ನಮ್ಮ ಕಡೆ ಗುಂಟೆಗೆ ಎಷ್ಟು ಕೇಸು ನಡೀತಿವೆ ಅಂತ ನಿಮಗೇ ಗೊತ್ತು.

ನಾನು ಬದುಕಿದ್ದೇನೆ ಅಂತ ಹೇಳಿದರೆ ಯಾರೂ ಕೇಳಲಿಲ್ಲ. ಆಗ ಅವರು ಏನೇನು ಮಾಡಿದರು ನೋಡಿ. ಚಿಕ್ಕಪ್ಪನ ಮಗನನ್ನು ಎತ್ತಿಕೊಂಡು ಹೋದರು, ಪೊಲೀಸರು ನನ್ನ ಮೇಲೆ ಕೇಸ್ ಹಾಕಲಿ, ಸತ್ತವನ ಮೇಲೆ ಕೇಸ್ ಹಾಕುವಂತಿಲ್ಲವಲ್ಲ ಅಂತ. ಹೆಂಡತಿಯ ಹೆಸರಲ್ಲಿ ವಿಧವಾ ವೇತನಕ್ಕೆ ಅರ್ಜಿ ಹಾಕಿಸಿದರು. ತಮ್ಮ ಶವಸಂಸ್ಕಾರವನ್ನು ತಾವೇ ಏರ್ಪಡಿಸಿದರು. ವಿ.ಪಿ. ಸಿಂಗ್ ವಿರುದ್ಧ ಚುನಾವಣೆಗೆ ನಿಂತರು, ರಾಜೀವ್ ಗಾಂಧಿ ವಿರುದ್ಧ ನಿಂತರು. ಗೆಲ್ಲಲು ಅಲ್ಲ, ಅಭ್ಯರ್ಥಿ ಅಂದರೆ ಜೀವಂತ ಇದ್ದಾನೆ ಅಂತ ಅರ್ಥ ತಾನೇ? ಹೆಸರಿನ ಮುಂದೆ ಮೃತಕ್ ಅಂತ ಸೇರಿಸಿಕೊಂಡರು. ಹುಡುಕಿದರೆ ಇವರಂಥವರು ಎಷ್ಟೋ ಜನ ಸಿಕ್ಕಿದರು. ಎಲ್ಲರನ್ನೂ ಸೇರಿಸಿ ಮೃತಕ ಸಂಘ ಕಟ್ಟಿದರು. ಕೊನೆಗೆ 1994ರಲ್ಲಿ ಕಾಗದದ ಮೇಲೆ ಜೀವ ಬಂತು. ಇಗ್ನೊಬೆಲ್ ತಗೊಳ್ಳಲು ಅಮೆರಿಕಕ್ಕೆ ಹೊರಟರು. ಸತ್ತು ಹುಟ್ಟಿದವರಿಗೆ ನಮ್ಮ ಸರ್ಕಾರ ಪಾಸ್‌ಪೋರ್ಟ್ ಕೊಟ್ಟಿತು, ಅಮೆರಿಕದವರು ವೀಸಾ ಕೊಡಲಿಲ್ಲ.

ಇದನ್ನು ಬೆಂಚಿನವರಿಗೆ ಓದಿ ಹೇಳುವಾಗ ಮೊದಲರ್ಧ ನಗು, ಆಮೇಲೆ ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿ ಒಬ್ಬ ತಾತ ಕೂತಿದ್ದರು. ಎಂಬತ್ತರ ಹತ್ತಿರ. ಕಾರ್ಖಾನೆಯೊಂದರಲ್ಲಿ ಮೂಟೆ ಹೊತ್ತು ನಿವೃತ್ತರಾದವರು, ಹೊಲದ ಕೆಲಸ ಇನ್ನೂ ಬಿಟ್ಟಿಲ್ಲ. ನವೆಂಬರ್ ಬಂತಲ್ಲ, ಪಿಂಚಣಿಗೆ ಜೀವಂತ ಇದ್ದೀನಿ ಅಂತ ಪತ್ರ ಮಾಡಿಸಬೇಕು. ಜೀವನ್ ಪ್ರಮಾಣ್ ಅಂತಾರೆ, 2014ರಿಂದ ಆಧಾರ್ ಬೆರಳಚ್ಚಿನಲ್ಲೇ ಆಗುತ್ತದೆ. ಆಗಬೇಕು.

ಸರ್ವರ್ ಬಂತು. ತಾತನನ್ನು ಕರೆದೆ. ಬಲಗೈ ಹೆಬ್ಬೆಟ್ಟು ಇಟ್ಟರು, ಕೆಂಪು ದೀಪ. ತೋರುಬೆರಳು, ಕೆಂಪು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅಂಗೈಗೆ ಉಜ್ಜಿಸಿದೆ, ಎಡಗೈ ನೋಡಿದೆ. ಹತ್ತೂ ಆಯಿತು. ಆ ಬೆರಳು ಹತ್ತಿರದಿಂದ ನೋಡಬೇಕಿತ್ತು ನೀವು. ಗೆರೆಯೇ ಇಲ್ಲ. ಹೊಳೆಯಲ್ಲಿ ಸಿಗುವ ಕಲ್ಲಿನ ಥರ ನುಣ್ಣಗೆ, ಗಟ್ಟಿ, ಉಗುರಿನ ಸುತ್ತ ಮಾತ್ರ ಕಪ್ಪಗೆ ಸೀಳು.

"ಬರ್ತಾ ಇಲ್ಲ ತಾತ."

"ಮೂಟೆ ಒತ್ತು, ಕಬ್ಬು ಕಡ್ದು ಸವ್ದೋಗವೆ ಕಣವ್ವ. ಇನ್ನೇನ್ ಉಳ್ದಿದ್ದದು ಅದ್ರಲ್ಲಿ?" ಅಂದರು. ಆಮೇಲೆ ಯಂತ್ರದ ಕಡೆ ಬಗ್ಗಿ ನೋಡಿ, "ನಾನೇ ಬಂದ್ ನಿಂತಿವ್ನಲ್ಲ, ಅದುಕ್ ಕಾಣಾಕಿಲ್ವಾ?"

ಕಾಣುವ ಹಾಗೆ ಮಾಡಲು ಒಂದು ದಾರಿ ಇದೆ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ತಾತನನ್ನು ಬೆಳಕಿಗೆ ಕೂರಿಸಿದೆ. ಕನ್ನಡಕ ತೆಗೆಸಿದೆ. ಮೊಬೈಲ್ ಎದುರು ಹಿಡಿದೆ. ಇಲ್ಲೊಂದು ವಿಚಿತ್ರ ಇದೆ, ನೋಡಿ. ಎದುರಿಗಿರುವುದು ಫೋಟೋ ಅಲ್ಲ, ಜೀವ ಇರುವ ಮನುಷ್ಯ ಅಂತ ಅದಕ್ಕೆ ಗೊತ್ತಾಗಬೇಕಾದರೆ ಕಣ್ಣು ಮಿಟುಕಿಸಬೇಕು. ತಾತನೋ, ಫೋಟೋ ತೆಗೆಯುತ್ತಿದ್ದಾರೆ ಅಂದುಕೊಂಡು ಉಸಿರು ಬಿಗಿಹಿಡಿದು, ಕಣ್ಣು ಅಗಲಿಸಿ, ಗೋಡೆಗೆ ಹಾಕುವ ಪಟದ ಹಾಗೆ ಕೂತುಬಿಟ್ಟರು.

"ಕಣ್ಣು ಮಿಟುಕಿಸಿ ತಾತ."

"ಈ ವಯಸ್ನಲ್ಲಿ ಕಣ್ ಒಡ್ಯಾಕ್ ಯೋಳ್ತೀಯಲ್ಲವ್ವ" ಅಂದರು. ಬೆಂಚು ಪೂರ್ತಿ ನಕ್ಕಿತು. ತಾತನೂ ನಕ್ಕರು, ನಗುವಾಗ ಕಣ್ಣು ತಾನಾಗಿ ಮುಚ್ಚಿ ತೆರೆಯಿತು. ಪರದೆ ಮೇಲೆ ಹಸಿರು ಗುರುತು ಬಂತು.

ಪತ್ರ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ತಲೆಕೆಳಗು ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಇದು ಎಷ್ಟ್ ದಿನುಕ್ ಬತ್ತದೆ?"

"ಒಂದು ವರ್ಷಕ್ಕೆ ತಾತ."

"ಅಂಗಾರೆ ಬರೋ ಕಾರ್ತಿಕದ ಗಂಟ ಯೋಚ್ನೆ ಇಲ್ಲ ಬುಡು" ಅಂದು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಇಟ್ಟುಕೊಂಡರು. ಮೆಟ್ಟಿಲು ಇಳಿದವರು ಮತ್ತೆ ತಿರುಗಿ ಬಂದರು. ದುಡ್ಡು ಕೊಡಲು ಅಂದುಕೊಂಡೆ. ಅಲ್ಲ.

"ಆ ಸತ್ತೋಗಿದ್ ಮನುಸ, ಅವ್ನ್ ಜಮೀನು ಅವ್ನಿಗ್ ಬಂತಾ?"